ಕೆರೆಯ ಹೆಸರು ಉಳಿಯಿತು

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲಿನಲ್ಲಿ ತುಮಕೂರು, ಗುಬ್ಬಿ, ನಿಟ್ಟೂರುಗಳನ್ನು ದಾಟಿದ ಮೇಲೆ ‘ಸಂಪಿಗೆ ರೋಡ್’ ಎಂಬ ಚಿಕ್ಕ ನಿಲ್ದಾಣವೊಂದು ಬರುತ್ತದೆ. ಅದರ ಹೆಸರನ್ನು ಕಿಟಕಿಯಿಂದ ಎಷ್ಟೋ ಸಲ ಓದಿದ್ದೆ, ಇಳಿದಿರಲಿಲ್ಲ. ಒಮ್ಮೆ ಇಳಿದು ನೋಡಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಕಾರಣ ಸರಳವಾದದ್ದು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ ಊರು ಸಂಪಿಗೆ. 1884ರ ಜನವರಿ 3ರಂದು ಅವರು ಅಲ್ಲಿ ಜನಿಸಿದರು. ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದವರ ಹುಟ್ಟೂರನ್ನು ಒಮ್ಮೆಯಾದರೂ ಕಾಣದಿದ್ದರೆ ಹೇಗೆ ಎಂಬ ಸಂಕೋಚ ನನ್ನನ್ನು ಕೊನೆಗೂ ರೈಲಿನಿಂದ ಇಳಿಸಿತು.

ಸಂಪಿಗೆ ತುರುವೇಕೆರೆ ತಾಲ್ಲೂಕಿಗೆ ಸೇರಿದ ಹಳ್ಳಿ. ಶ್ರೀನಿವಾಸನ ಗುಡಿ, ಸುತ್ತ ತೆಂಗಿನ ತೋಟಗಳು, ತೋಟಗಳ ನಡುವೆ ಮನೆಗಳು. ಇದೇ ಹಿಂದಿನ ಚಂಪಕಾಪುರಿ, ಹಂಸಧ್ವಜನ ರಾಜಧಾನಿ, ಸುಧನ್ವನ ಊರು ಎಂದು ಸ್ಥಳಪುರಾಣ ಹೇಳುತ್ತದೆ. ಜೈಮಿನಿ ಭಾರತವನ್ನು ಓದಿದವರಿಗೆ, ಓದಿದ್ದನ್ನು ಕೇಳಿದವರಿಗೆ, ಕಾದ ಎಣ್ಣೆಯ ಕೊಪ್ಪರಿಗೆಯಿಂದ ಕೂದಲೂ ಕೊಂಕದೆ ಹೊರಬಂದ ಸುಧನ್ವನ ಕಥೆ ಹೊಸದಲ್ಲ. ಪುರಾಣವನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೆ ಒಂದು ಹಳ್ಳಿ ತನ್ನನ್ನು ತಾನು ಒಂದು ಕಾವ್ಯದೊಳಗಿಟ್ಟು ನೆನೆಯುತ್ತದೆ ಎಂಬುದು ಇತಿಹಾಸದ ವಿಷಯವೇ. ಆ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ತುರುವೇಕೆರೆಗೆ ಹೊರಟೆ.

ತುರುವೇಕೆರೆಗೆ ಹೋದದ್ದು ಹೊಯ್ಸಳರ ಗುಡಿಗಳನ್ನು ನೋಡುವುದಕ್ಕೆ. ಊರಿನಲ್ಲಿ ಚೆನ್ನಕೇಶವನ ಗುಡಿಯಿದೆ. ಊರ ಮೂಲೆಯಲ್ಲಿ ನಿಂತದ್ದರಿಂದಲೇ ಆ ಹೆಸರು ಪಡೆದ ಮೂಲೆ ಶಂಕರೇಶ್ವರನ ಗುಡಿಯಿದೆ. ಗಂಗಾಧರೇಶ್ವರನ ಗುಡಿಯಲ್ಲಿ ನುಣುಪಾದ ಕರಿಯ ಕಲ್ಲಿನ ದೊಡ್ಡ ನಂದಿ ಇದೆ. ಬೇಲೂರು ಹಳೇಬೀಡುಗಳನ್ನು ನೋಡಿ ಬಂದ ಕಣ್ಣಿಗೆ ಇವು ಚಿಕ್ಕವು. ಆದರೆ ಚಿಕ್ಕ ಗುಡಿಯಲ್ಲಿ ಒಂದು ಅನುಕೂಲವುಂಟು. ಅಲ್ಲಿ ಜನಸಂದಣಿಯಿಲ್ಲ, ಮಾರ್ಗದರ್ಶಕನ ಕಂಠಪಾಠವಿಲ್ಲ, ಬಳಪದ ಕಲ್ಲಿನ ಮೇಲೆ ಉಳಿಯ ಗುರುತನ್ನು ಹುಡುಕುತ್ತ ಎಷ್ಟು ಹೊತ್ತಾದರೂ ನಿಲ್ಲಬಹುದು. ಮೂಲೆ ಶಂಕರೇಶ್ವರನ ಗುಡಿಗೆ ಒಂದೇ ಗರ್ಭಗೃಹ. ಅದರ ಹೊರಗೋಡೆಯನ್ನು ಎರಡು ಸುತ್ತು ಬಂದು, ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತ ನಿಂತಿದ್ದೆ. ಅಲ್ಲೇ ನೆರಳಿನಲ್ಲಿ ಕುಳಿತಿದ್ದ ವಯಸ್ಸಾದವರೊಬ್ಬರು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದು, ಕಡೆಗೆ ಕೇಳಿದರು:

“ಏನ್ ಸ್ವಾಮಿ, ಬರೀ ಕಲ್ಲು ನೋಡ್ಕಂಡು ಹೋಗ್ತೀರಾ? ಕೆರೆ ಏರಿ ಮ್ಯಾಲೆ ಹತ್ತಿ ನೋಡಿದ್ರಾ?”

“ಇಲ್ಲ ಯಜಮಾನರೆ, ಗುಡಿ ನೋಡೋಕೆ ಅಂತ ಬಂದೆ,” ಎಂದೆ.

“ಕೆರೆ ಇತ್ತು ಅಂತ ತಾನೆ ಸ್ವಾಮಿ ಗುಡಿ ಬಂದಿದ್ದು?” ಎಂದು ಅವರು ನಕ್ಕರು. ಆ ನಗುವಿನಲ್ಲಿ ಪಟ್ಟಣದವನ ಬಗೆಗೆ ಸ್ವಲ್ಪ ಕನಿಕರವೂ ಇದ್ದಂತೆ ನನಗೆ ತೋರಿತು.

ಇತಿಹಾಸವನ್ನು ಪುಸ್ತಕಗಳಿಂದ ಕಲಿತವರಿಗೆ ಇಂಥ ಪ್ರಶ್ನೆ ಆಗಾಗ ಎದುರಾಗುವುದು ಒಳ್ಳೆಯದು. ನಾನು ಪುಸ್ತಕ ಮುಚ್ಚಿ ಏರಿಯ ಕಡೆಗೆ ನಡೆದೆ. ನಡೆಯುತ್ತ ನಡೆಯುತ್ತ, ಅದುವರೆಗೆ ಸಾವಿರ ಸಲ ಉಚ್ಚರಿಸಿದ್ದ ಊರ ಹೆಸರನ್ನು ಮೊದಲ ಬಾರಿಗೆ ಬಿಡಿಸಿ ನೋಡಿದೆ. ತುರು ಎಂದರೆ ಹಳಗನ್ನಡದಲ್ಲಿ ಹಸು. ಶತ್ರುಗಳು ತುರುಗಳನ್ನು ಹೊಡೆದುಕೊಂಡು ಹೋದಾಗ ಹಿಂಬಾಲಿಸಿ ಕಾದಿ ಮಡಿದವರ ವೀರಗಲ್ಲುಗಳು ಈ ಸೀಮೆಯಲ್ಲಿ, ಕರ್ನಾಟಕದ ಎಲ್ಲ ಸೀಮೆಗಳಲ್ಲಿ, ಇವೆ. ತುರುವಿನ ಕೆರೆ, ದನಗಳು ನೀರು ಕುಡಿಯುವ ಕೆರೆ: ಊರು ತನ್ನನ್ನು ಕರೆದುಕೊಂಡಿರುವುದು ಹೀಗೆ.

ಆದರೆ ಶಾಸನಗಳಲ್ಲಿ ಈ ಊರಿನ ಹೆಸರು ಇದಲ್ಲ. 13ನೆಯ ಶತಮಾನದಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ, ಅವನ ದಂಡನಾಯಕ ಸೋಮಣ್ಣ ಇಲ್ಲಿ ಅಗ್ರಹಾರವೊಂದನ್ನು ಸ್ಥಾಪಿಸಿ ದೊರೆಯ ಹೆಸರಿನಲ್ಲಿ ಅದನ್ನು ವಿಜಯನರಸಿಂಹಪುರವೆಂದು ಕರೆದ. ಚೆನ್ನಕೇಶವನ ಗುಡಿ ಕಟ್ಟಿದ್ದು 1263ರಲ್ಲಿ. ದೊರೆಯ ಹೆಸರು ಕಲ್ಲಿನಲ್ಲಿ ಕೊರೆದದ್ದು; ವಿದ್ವಾಂಸರ ನಾಲಗೆಯ ಮೇಲೆ ಇದ್ದದ್ದು. ಆದರೂ ಅದು ಉಳಿಯಲಿಲ್ಲ. ದನಗಾಹಿಗಳ ಬಾಯಲ್ಲಿದ್ದ ಕೆರೆಯ ಹೆಸರು ಉಳಿಯಿತು. ಏಳು ಶತಮಾನಗಳ ಈ ಮೌನವಾದ ಸ್ಪರ್ಧೆಯಲ್ಲಿ ಗೆದ್ದವರು ಯಾರೆಂಬುದು ಇಂದು ಪ್ರತಿಯೊಂದು ಬಸ್ಸಿನ ಹಣೆಯ ಮೇಲೆ ಬರೆದಿದೆ.

ಇದು ಒಂದೇ ಊರಿನ ಕಥೆಯಲ್ಲ. ಈ ಮೂರು ತಾಲ್ಲೂಕುಗಳ ನಕ್ಷೆಯನ್ನು ಮುಂದಿಟ್ಟುಕೊಂಡು ಹೆಸರುಗಳನ್ನು ಓದಿ ನೋಡಿ: ತುರುವೇಕೆರೆ, ನೊಣವಿನಕೆರೆ, ಶೆಟ್ಟಿಕೆರೆ, ಹಂದನಕೆರೆ, ಕಂದಿಕೆರೆ. ಪಕ್ಕದಲ್ಲೇ ಅರಸೀಕೆರೆ. ಊರು ಮೊದಲು, ಕೆರೆ ಆಮೇಲೆ ಎಂದು ನಾವು ತಿಳಿದಿರುತ್ತೇವೆ. ಹೆಸರುಗಳು ಬೇರೆಯೇ ಹೇಳುತ್ತವೆ. ವರ್ಷಕ್ಕೆ ಸುಮಾರು 600ರಿಂದ 700 ಮಿಲಿಮೀಟರ್ ಮಳೆ ಬೀಳುವ, ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲದ ಬಯಲುನಾಡು ಇದು. ಇಲ್ಲಿ ಮಳೆಯ ನೀರನ್ನು ಕಟ್ಟಿ ನಿಲ್ಲಿಸಿದ ಮೇಲೆಯೇ ಊರು ನಿಲ್ಲಲು ಸಾಧ್ಯವಾಯಿತು.

ಇನ್ನು ಕಾಲಗಣನೆಯನ್ನು ಗಮನಿಸಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ ಯೋಗಮಾಧವನ ಗುಡಿಯನ್ನು ಗೋಪಾಲ ದಂಡನಾಯಕ ಕಟ್ಟಿಸಿದ್ದು 1261ರಲ್ಲಿ. ತುರುವೇಕೆರೆಯ ಚೆನ್ನಕೇಶವನದು 1263. ತಿಪಟೂರು ತಾಲ್ಲೂಕಿನ ವಿಘ್ನಸಂತೆಯಲ್ಲಿ ಲಕ್ಷ್ಮೀನರಸಿಂಹನ ಗುಡಿಯನ್ನು ಅಪ್ಪಯ್ಯ, ಗೋಪಾಲ, ಮಾಧವ ಎಂಬ ಮೂವರು ದಂಡನಾಯಕರು ಕಟ್ಟಿಸಿದ್ದು 1286ರಲ್ಲಿ. ಮೂರೂ ಒಬ್ಬನೇ ದೊರೆಯ ಕಾಲದವು, ಸುಮಾರು ಇಪ್ಪತ್ತೈದು ವರ್ಷಗಳ ಅಂತರದವು. ಕಟ್ಟಿಸಿದವರು ದೊರೆಗಳಲ್ಲ, ಅಧಿಕಾರಿಗಳು. ಆಗ ಹೊಯ್ಸಳ ರಾಜ್ಯ ತನ್ನ ಉಚ್ಛ್ರಾಯದಲ್ಲೂ ಇರಲಿಲ್ಲ. 1254ರ ಹೊತ್ತಿಗೆ ಅದು ಅಣ್ಣತಮ್ಮಂದಿರ ನಡುವೆ ಹಂಚಿಹೋಗಿತ್ತು. ಹಾಗಿದ್ದೂ ಒಂದು ಒಣನಾಡಿನ ಹಳ್ಳಿಗಳು ಇಷ್ಟು ಶಿಲ್ಪಿಗಳಿಗೆ ವರ್ಷಗಟ್ಟಲೆ ಅನ್ನ ಹಾಕಬಲ್ಲವಾಗಿದ್ದವು. ಆ ಅನ್ನ ಎಲ್ಲಿಂದ ಬಂತು?

ಉತ್ತರ ಶಾಸನಗಳಲ್ಲೇ ಇದೆ. ಬಿ. ಎಲ್. ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕಾದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದು. ಇಂಥ ಶಾಸನಗಳನ್ನು ಓದುವಾಗ ನಾವು ಸಾಮಾನ್ಯವಾಗಿ ಮೊದಲ ಭಾಗದಲ್ಲಿ ನಿಂತುಬಿಡುತ್ತೇವೆ. ದೊರೆಯ ಬಿರುದುಗಳು, ವಂಶಾವಳಿ, ದಂಡನಾಯಕನ ಕೀರ್ತಿ, ಅಲಂಕಾರದ ಪದ್ಯಗಳು ಅಲ್ಲಿರುತ್ತವೆ. ಆಮೇಲೆ ಬರುವ ಗದ್ಯ ನೀರಸವೆಂದು ಪುಟ ತಿರುಗಿಸುತ್ತೇವೆ. ನಾಡಿನ ಜೀವ ಇರುವುದು ಆ ನೀರಸ ಗದ್ಯದಲ್ಲಿ. ದೇವರ ನೈವೇದ್ಯಕ್ಕೆ ಬಿಟ್ಟ ಗದ್ದೆ ಎಷ್ಟು, ಬೆದ್ದಲು ಎಷ್ಟು, ಯಾವ ಕೆರೆಯ ಕೆಳಗೆ, ಯಾವ ತೂಬಿನ ನೀರಿಗೆ; ಮೂಡಲು ಯಾವ ಕಲ್ಲು, ತೆಂಕಲು ಯಾವ ಹುತ್ತ, ಪಡುವಲು ಯಾವ ಮರ, ಬಡಗಲು ಯಾವ ಹಳ್ಳ. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿಗೆ, ತೆಗೆದಿಟ್ಟ ಪಾಲಿಗೆ, ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ ಎಂಬ ಹೆಸರುಗಳಿದ್ದವು. ಕೊನೆಯಲ್ಲಿ ಶಾಪ: ಈ ದತ್ತಿಯನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಭೂಮಿಯನ್ನು ಕಾಯುವುದಕ್ಕೂ ಕೊನೆಗೆ ಹಸುವಿನ ಹೆಸರೇ ಬೇಕಾಯಿತು.

ಹೀಗೆ ನೋಡಿದಾಗ ಗುಡಿ ಒಂದು ದೊಡ್ಡ ವ್ಯವಸ್ಥೆಯ ಕಣ್ಣಿಗೆ ಕಾಣುವ ತುದಿಯೆಂಬುದು ಮನದಟ್ಟಾಗುತ್ತದೆ. ಏರಿ ಕಟ್ಟಿ ನೀರು ನಿಲ್ಲಿಸಬೇಕು. ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ಕೋಡಿಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರಬೇಕು. ತೂಬಿನಿಂದ ಹೊರಟ ನೀರು ಅಚ್ಚುಕಟ್ಟಿನ ಕಡೆಯ ಗದ್ದೆಯವರೆಗೂ ಮುಟ್ಟಬೇಕು. ಯಾರಿಗೆ ಯಾವಾಗ ಎಷ್ಟು ನೀರು ಎಂಬುದನ್ನು ನೀರಗಂಟಿ ನಡೆಸಬೇಕು. ಬೇಸಗೆಯಲ್ಲಿ ಹೂಳು ತೆಗೆದು ಹೊಲಕ್ಕೆ ಹೊಡೆಯಬೇಕು. ಇಷ್ಟೂ ನಡೆದಾಗ ಭತ್ತ ಮನೆಯ ಕಣಜ ತುಂಬಿ ಉಳಿಯುತ್ತದೆ. ಉಳಿದದ್ದರಲ್ಲಿ ಶಿಲ್ಪಿಯ ಉಳಿ ಆಡುತ್ತದೆ. ಹತ್ತಿರದ ಅರಳಗುಪ್ಪೆಯ ಚೆನ್ನಕೇಶವನ ಗುಡಿಯಲ್ಲಿ ಹೊನೋಜನೆಂಬ ಶಿಲ್ಪಿಯ ಹೆಸರು ನಮಗೆ ದೊರೆತಿದೆ. ಅದು ನಮ್ಮ ಭಾಗ್ಯ. ಏರಿಗೆ ಮಣ್ಣು ಹೊತ್ತವರಲ್ಲಿ ಒಬ್ಬರ ಹೆಸರೂ ಅಲ್ಲಿಲ್ಲ. ಅವರ ನೋವನ್ನು ನೆನೆದದ್ದು ಶಾಸನವಲ್ಲ, ಜನಪದ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಕನ್ನಡಿಗರು ಇಂದಿಗೂ ಮರೆತಿಲ್ಲವಾದರೆ, ಕೆರೆಯೊಂದರ ಬೆಲೆ ಏನೆಂಬುದು ಅವರಿಗೆ ಗೊತ್ತಿದ್ದುದರಿಂದಲೇ. ಅಗ್ರಹಾರದ ವೃತ್ತಿಗಳು ಹಂಚಿಕೆಯಾದಾಗ ಮಣ್ಣು ಹೊತ್ತವರಿಗೆ ಪಾಲು ಬರಲಿಲ್ಲ ಎಂಬುದನ್ನೂ ಹೇಳದೆ ಈ ಕಥೆ ಪೂರ್ತಿಯಾಗದು.

ಬಿ. ಎಂ. ಶ್ರೀ ಅವರ ಹುಟ್ಟೂರಿನಿಂದ ಹೊರಟವನಾದ್ದರಿಂದ ಇಲ್ಲಿ ಹೊರನಾಡಿನದೊಂದು ಮಾತನ್ನು ತರುವ ಸ್ವಾತಂತ್ರ್ಯ ವಹಿಸುತ್ತೇನೆ. ಹೊರಗಿನ ಹಾಡನ್ನು ತಂದು ನಮ್ಮ ಹಾಡು ನಮಗೇ ಹೊಸದಾಗಿ ಕೇಳುವಂತೆ ಮಾಡಿದವರು ಅವರು. ಇಟಲಿಯ ಟಸ್ಕನಿ ಪ್ರಾಂತದಲ್ಲಿ ಸಿಯೆನಾ ಎಂಬ ಹಳೆಯ ಪಟ್ಟಣವಿದೆ. ಅದರ ಪುರಭವನದಲ್ಲಿ, ಆಡಳಿತಗಾರರು ಸಭೆ ಸೇರುತ್ತಿದ್ದ ಕೊಠಡಿಯ ಗೋಡೆಗಳ ಮೇಲೆ, ಆಂಬ್ರೋಜಿಯೋ ಲೊರೆಂಜೆಟ್ಟಿ ಎಂಬ ಚಿತ್ರಕಾರ 1338–39ರಲ್ಲಿ ಬರೆದ ಚಿತ್ರಗಳಿವೆ. ನಾನು ಅವನ್ನು ಕಂಡದ್ದು ಗ್ರಂಥಾಲಯದ ಪುಸ್ತಕವೊಂದರಲ್ಲಿ. ಒಂದು ಗೋಡೆಯಲ್ಲಿ ಒಳ್ಳೆಯ ಆಡಳಿತದ ಫಲ. ಎಡಕ್ಕೆ ಪಟ್ಟಣ: ಗೋಪುರಗಳು, ಅಂಗಡಿಗಳು, ಮನೆ ಕಟ್ಟುವವರು. ನಡುವೆ ಕೋಟೆಯ ಬಾಗಿಲು. ಬಲಕ್ಕೆ ಹೊಲಗದ್ದೆ: ಉಳುವವರು, ಕೊಯ್ಯುವವರು, ಒಕ್ಕುವವರು, ದ್ರಾಕ್ಷಿಯ ತೋಟಗಳು. ತೆರೆದ ಬಾಗಿಲಿನಲ್ಲಿ ಹಳ್ಳಿಯವರು ಹೇರು ಹೊತ್ತ ಪ್ರಾಣಿಗಳೊಡನೆ ಪೇಟೆಗೆ ಬರುತ್ತಿದ್ದಾರೆ. ಪೇಟೆಯವರು ಕುದುರೆಯ ಮೇಲೆ ಹೊರಟಿದ್ದಾರೆ. ಇನ್ನೊಂದು ಗೋಡೆಯಲ್ಲಿ ಕೆಟ್ಟ ಆಡಳಿತ: ಹಾಳು ಬಿದ್ದ ಹೊಲ, ಉರಿಯುವ ಹಳ್ಳಿ. ಪಟ್ಟಣವನ್ನು ಆಳುವವರು ಪ್ರತಿದಿನ ಈ ಎರಡನ್ನೂ ನೋಡುತ್ತ ಕುಳಿತಿರಬೇಕೆಂಬುದು ಅದರ ಉದ್ದೇಶ. ನಮ್ಮಲ್ಲಿ ಅಂಥ ಚಿತ್ರವಿಲ್ಲ. ಆದರೆ ತುರುವೇಕೆರೆಯ ಸೀಮೆಯ ಶಾಸನಗಳು ಹೇಳುವುದೂ ಅದನ್ನೇ ಅಲ್ಲವೆ? ಮೊದಲರ್ಧದಲ್ಲಿ ಪುರ, ಎರಡನೆಯ ಅರ್ಧದಲ್ಲಿ ಗದ್ದೆ, ಕೊನೆಗೆ ಅದನ್ನು ಕೆಡಿಸಿದವನ ಗತಿ.

ಆ ಚಿತ್ರ ಮುಗಿದ ಹತ್ತು ವರ್ಷಗಳೊಳಗೆ, 1348ರಲ್ಲಿ, ಸಿಯೆನಾ ಮಹಾಮಾರಿಗೆ ತುತ್ತಾಯಿತು. ಇತ್ತ ಹೊಯ್ಸಳರ ರಾಜಧಾನಿ ದೋರಸಮುದ್ರದ ಮೇಲೆ 1311ರಲ್ಲಿ ಮಲಿಕ್ ಕಾಫರನ ದಂಡು ಬಂತು. ಅದೇ ಶತಮಾನದ ನಡುವಿಗೆ ಹೊಯ್ಸಳರ ಆಳ್ವಿಕೆಯೇ ಮುಗಿಯಿತು. ಆದರೆ ಕೆರೆಗಳು ದೊರೆಗಳೊಡನೆ ಸಾಯಲಿಲ್ಲ. ವಿಜಯನಗರದವರು ಬಂದರು, ಹಾಗಲವಾಡಿಯ ಪಾಳೆಯಗಾರರು ಬಂದರು, ಮೈಸೂರಿನವರು ಬಂದರು. ತೂಬು ಎತ್ತುವವರು ಊರವರೇ ಆಗಿದ್ದುದರಿಂದ ನೀರು ನಿಲ್ಲಲಿಲ್ಲ. ತುರುಗಳೂ ಉಳಿದವು. ಮೈಸೂರಿನ ಅರಸರ ಅಮೃತಮಹಲ್ ದನಗಳಿಗೆ ಈ ಸೀಮೆಯಲ್ಲಿ ಕಾವಲುಗಳಿದ್ದವು. ತಿಪಟೂರಿನ ಬಳಿಯ ಕೋನೇಹಳ್ಳಿಯ ಕಾವಲು ಅವುಗಳಲ್ಲೊಂದು.

ಈಗ ಕಣ್ಣಿಗೆ ಕಾಣುವ ತೆಂಗಿನ ಸಾಗರದ ಮಾತು. ಇದು ಹೊಯ್ಸಳರು ಕಂಡ ದೃಶ್ಯವಲ್ಲ. ಅಂದು ಕೆರೆಯ ಕೆಳಗೆ ಭತ್ತ, ಮೇಲೆ ರಾಗಿ ಹುರುಳಿ. 1880ರ ದಶಕದಲ್ಲಿ ರೈಲು ಈ ದಾರಿಯಲ್ಲಿ ಬಂದಿತು. ದೂರದ ಪೇಟೆ ಹತ್ತಿರವಾಯಿತು. ಮುಂದಿನ ನೂರು ವರ್ಷಗಳಲ್ಲಿ ಬಾವಿಗೆ ವಿದ್ಯುತ್ ಪಂಪು ಬಂದು, ಆಮೇಲೆ ಕೊಳವೆಬಾವಿ ಬಂದು, ಗದ್ದೆ ಬೆದ್ದಲುಗಳೆಲ್ಲ ತೋಟಗಳಾದವು. ತಿಪಟೂರಿನ ಮಾರುಕಟ್ಟೆಯಿಂದ ಉಂಡೆಕೊಬ್ಬರಿ ಉತ್ತರ ಭಾರತಕ್ಕೆ ಹೋಗುತ್ತದೆ, ಅಲ್ಲಿಯ ಪೂಜೆಗೆ, ಮಿಠಾಯಿಗೆ, ಮದುವೆಯ ಉಡುಗೊರೆಗೆ.

ಹಿಂದಿರುಗುವಾಗ ಪರಿಚಯದವರ ಮನೆಯೊಂದರಲ್ಲಿ ಆ ಕೊಬ್ಬರಿ ಆಗುವ ಬಗೆಯನ್ನು ಕಂಡೆ. ಬಲಿತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ರಾಶಿ ಹಾಕುತ್ತಾರೆ. ಹಳೆಯ ಮನೆಗಳಲ್ಲಿ ಕೆಳಗಿನ ಒಲೆಯ ಬಿಸಿಯೂ ಹೊಗೆಯೂ ಅದಕ್ಕೆ ತಾಗುತ್ತಿತ್ತು. ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಇಂಗುತ್ತದೆ. ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು ಇಡಿಯ ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನಿಂದ ಸದ್ದು ಬರುತ್ತದೆ. “ಕಾಯಿ ತಾನಾಗೇ ಮಾತಾಡ್ಬೇಕು ಕಣಪ್ಪ, ಅಲ್ಲೀಗಂಟ ನಾವು ಕೈ ಹಾಕಂಗಿಲ್ಲ,” ಎಂದರು ಆ ಮನೆಯ ಅಜ್ಜಿ. ಅವಸರದಿಂದ ಒಡೆದರೆ ಎಣ್ಣೆಯೂ ಇಲ್ಲ, ಬೆಲೆಯೂ ಇಲ್ಲ. ಗುಡಿ ಕಟ್ಟಿದವರ ತಾಳ್ಮೆ ಎಲ್ಲಿ ಹೋಯಿತು ಎಂದು ಕೇಳುವವರು ಈ ಅಟ್ಟವನ್ನು ಹತ್ತಿ ನೋಡಬೇಕು.

ಆದರೆ ಅಜ್ಜಿಯ ಮಾತು ಅಲ್ಲಿಗೆ ನಿಲ್ಲಲಿಲ್ಲ. ಕಾಯಿಗೆ ನುಸಿ ಬಂದು ಸಿಪ್ಪೆ ಬಿರಿದು ಕಾಯಿ ಸಣ್ಣಗಾದ ಕಾಲ, 2010ರ ದಶಕದಲ್ಲಿ ಮಳೆ ಕೈಕೊಟ್ಟು ಕೊಳವೆಬಾವಿಗಳು ಬತ್ತಿ ಫಲ ಬಿಡುತ್ತಿದ್ದ ಮರಗಳ ಸುಳಿಯೇ ಒಣಗಿ ಬಿದ್ದ ಕಾಲ, ಎಲ್ಲವನ್ನೂ ಹೇಳಿದರು. ಹೇಮಾವತಿಯ ನಾಲೆಯ ನೀರು ಬಂದ ವರ್ಷ ಕೆರೆ ತುಂಬುತ್ತದೆ. ಕೆರೆ ತುಂಬಿದ ವರ್ಷ ಸುತ್ತಲಿನ ಬಾವಿಗಳಲ್ಲಿ ನೀರು ಏಳುತ್ತದೆ. ಕೆರೆಯನ್ನು ಮರೆತು ನೆಲದಾಳಕ್ಕೆ ಹೋದವರು ಕೊನೆಗೆ ಕೆರೆಯ ದಯೆಯಲ್ಲೇ ಇದ್ದೇವೆ ಎಂಬ ಅರ್ಥ ಅವರ ಮಾತಿನಲ್ಲಿತ್ತು. ತೂಬಿನ ನೀರಿಗೆ ಸರದಿಯಿತ್ತು. ಒಬ್ಬರು ಹೆಚ್ಚು ತೆಗೆದರೆ ಊರಿಗೇ ಕಾಣುತ್ತಿತ್ತು. ಕೊಳವೆಬಾವಿಯ ನೀರಿಗೆ ಸರದಿಯಿಲ್ಲ. ಯಾರು ಎಷ್ಟು ತೆಗೆದರೆಂದು ಯಾರಿಗೂ ಕಾಣುವುದಿಲ್ಲ. ನೀರಗಂಟಿಯ ಕೆಲಸ ಹೋದದ್ದರೊಡನೆ ಊರು ಒಟ್ಟಾಗಿ ಕುಳಿತು ಮಾತಾಡುವ ಒಂದು ಕಾರಣವೂ ಹೋಯಿತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಪಡಬೇಕಾದದ್ದೇ. ಆದರೆ ಅದೇ ಪಟ್ಟಿಯಲ್ಲಿ 2004ರಿಂದ ಇರುವ ಇನ್ನೊಂದು ಹೆಸರನ್ನು ನಾನು ನಿಮ್ಮ ಗಮನಕ್ಕೆ ತರಬೇಕು. ಅದು ಸಿಯೆನಾದ ದಕ್ಷಿಣಕ್ಕಿರುವ ವಾಲ್ ದೋರ್ಚಾ ಎಂಬ ಕಣಿವೆ. ಅಲ್ಲಿ ಮಾನ್ಯತೆ ಸಿಕ್ಕಿದ್ದು ಒಂದು ಕಟ್ಟಡಕ್ಕಲ್ಲ. ಹೊಲ, ಹಳ್ಳಿ, ರಸ್ತೆ, ತೋಟದ ಮನೆ, ಇವೆಲ್ಲ ಸೇರಿದ ಕೃಷಿಯ ಭೂದೃಶ್ಯಕ್ಕೆ. 14, 15ನೆಯ ಶತಮಾನಗಳಲ್ಲಿ ಒಳ್ಳೆಯ ಆಡಳಿತದ ಕಲ್ಪನೆಗೆ ಒಪ್ಪುವಂತೆ ಸಿಯೆನಾದವರು ಆ ನೆಲವನ್ನು ರೂಪಿಸಿದರು, ಅವರ ಚಿತ್ರಕಾರರು ಅದನ್ನು ಬರೆದರು ಎಂಬುದೇ ಅದರ ಹಿರಿಮೆ. ಗೋಡೆಯ ಮೇಲಿನ ಹೊಲವನ್ನೂ ಗೋಡೆಯ ಹೊರಗಿನ ಹೊಲವನ್ನೂ ಅವರು ಒಂದೇ ಆಸ್ತಿಯೆಂದು ಎಣಿಸಿದರು.

ನಾವು ಗುಡಿಯ ಸುತ್ತ ತಂತಿಬೇಲಿ ಹಾಕುತ್ತೇವೆ, ಒಂದು ಫಲಕ ನೆಡುತ್ತೇವೆ. ಏರಿಯ ಮೇಲೆ ಜಾಲಿ ಬೆಳೆದಿರುತ್ತದೆ, ಕೋಡಿಯ ಕಲ್ಲು ಕಿತ್ತಿರುತ್ತದೆ, ಕಾಲುವೆಯ ಜಾಗದಲ್ಲಿ ಮನೆ ಎದ್ದಿರುತ್ತದೆ. ಅದು ಪ್ರಾಚ್ಯವಸ್ತುವಲ್ಲ, ಆದ್ದರಿಂದ ಇತಿಹಾಸವೂ ಅಲ್ಲ ಎಂದು ಸುಮ್ಮನಿರುತ್ತೇವೆ. ಶಾಸನ ಬರೆಸಿದವನು ಈ ವಿಂಗಡಣೆಯನ್ನು ಒಪ್ಪುತ್ತಿರಲಿಲ್ಲ. ದೇವರನ್ನೂ ತೂಬನ್ನೂ ಒಂದೇ ಕಲ್ಲಿನಲ್ಲಿ ಬರೆಸಿದವನು ಅವನು. ದೇವರ ದೀಪ ಉರಿಯುವುದು ಗದ್ದೆಯ ನೀರಿನಿಂದ ಎಂಬುದು ಅವನಿಗೆ ಗೊತ್ತಿತ್ತು. ಗುಡಿಯನ್ನು ಉಳಿಸಿ ಕೆರೆಯನ್ನು ಕಳೆದರೆ ಅವನ ಶಾಸನದ ಅರ್ಧವನ್ನು ಅಳಿಸಿದಂತೆ, ಅದೂ ಶಾಪವಿರುವ ಅರ್ಧವನ್ನು.

ಆ ದಿನ ಸಂಜೆ ನಾನು ಕೊನೆಗೂ ಏರಿಯ ಮೇಲೆ ನಿಂತಿದ್ದೆ. ಕೆರೆಯಲ್ಲಿ ನೀರಿತ್ತು. ಆಚೆ ದಡದಲ್ಲಿ ತೆಂಗಿನ ಸಾಲು, ಅದರ ಮೇಲೆ ಇಳಿಯುವ ಸೂರ್ಯ. ಹುಡುಗನೊಬ್ಬ ನಾಲ್ಕೈದು ದನಗಳನ್ನು ನೀರಿಗೆ ಇಳಿಸಿ ದಡದ ಮೇಲೆ ಕುಳಿತಿದ್ದ. ದನಗಳು ತಲೆ ಬಗ್ಗಿಸಿ ನಿಧಾನವಾಗಿ ಕುಡಿದು, ಮೂತಿಯಿಂದ ನೀರು ತೊಟ್ಟಿಕ್ಕಿಸುತ್ತ ಮೇಲೆ ಬಂದವು. ಬೆಳಗ್ಗೆ ಗುಡಿಯ ನೆರಳಿನಲ್ಲಿ ಕುಳಿತಿದ್ದ ಹಿರಿಯರಿಗೆ ಉತ್ತರ ಹೇಳಿಹೋಗಬೇಕೆಂದು ಹಿಂದಿರುಗಿ ಹುಡುಕಿದೆ. ಅವರು ಮನೆಗೆ ಹೋಗಿದ್ದರು. ಬಸ್ಸಿನಲ್ಲಿ ಕುಳಿತು ನನ್ನ ಟಿಪ್ಪಣಿಯ ಪುಸ್ತಕವನ್ನು ತೆರೆದೆ. ‘ವಿಜಯನರಸಿಂಹಪುರ, 1263’ ಎಂದು ಬರೆದುಕೊಂಡಿದ್ದ ಪುಟದ ಕೆಳಗೆ, ‘ಕೆರೆ ನೋಡಿದೆ’ ಎಂದು ಸೇರಿಸಿದೆ.